ಕೋಳಿಬಂಡೆಯ ಡಬ್ಬಿ ಮತ್ತು ನನ್ನ ಒಸಿ ನೋವು

ಹಾರೋಹಳ್ಳಿಯಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ, ಕೈಗಾರಿಕಾ ಪ್ರದೇಶದ ತಿರುವು ದಾಟಿದ ಮೇಲೆ ನನ್ನ ಅಂಗಡಿ. ಫ್ಯಾಕ್ಟರಿಗಳಿಂದ ಹೊರಬೀಳುವ ಖಾಲಿ ಡ್ರಮ್ಮು, ಪ್ಯಾಕಿಂಗ್ ಮರ, ಹಳೆಯ ಮೋಟಾರು ಎಲ್ಲವನ್ನೂ ಕೊಂಡು ಮಾರುತ್ತೇನೆ. ಡ್ರಮ್ಮು ನೋಡಲು ಬಂದವರು ಬಗ್ಗುವಾಗ ಸೊಂಟಕ್ಕೆ ಕೈ ಇಟ್ಟುಕೊಂಡರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

"ಯಾವಾಗಿಂದ ನೋವು?" ಎಂದು ಕೇಳುತ್ತೇನೆ.

"ಒಸಿ ದಿನ ಆಯ್ತು ಸಾವಿತ್ರಕ್ಕ. ಒಸಿ ನೋವು, ಅಷ್ಟೇಯ."

ಒಸಿ ಎಂಬ ಆ ಪದ ಕಿವಿಗೆ ಬಿದ್ದರೆ ಸ್ಟೂಲು ಎಳೆದು ಅವರನ್ನು ಕೂರಿಸುತ್ತೇನೆ. ರೇಟಿನ ಮಾತು ಆಮೇಲೆ. ಎಳೆದುಕೊಂಡು ನಡೆಯುವ ನನ್ನ ಎಡಗಾಲನ್ನು ತೋರಿಸಿ, ಇದು ಆ ಒಂದು ಪದ ಮಾಡಿದ ಕೆಲಸ ಎನ್ನುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಡ್ರಮ್ಮು ಬೇಡದವರಿಗೂ ಬೆನ್ನು ಇರುತ್ತದಲ್ಲ, ಅವರಿಗಾಗಿ ಬರೆಯಲು ಕೂತಿದ್ದೇನೆ.

ನಮ್ಮ ಸೀಮೆಯಲ್ಲಿ ಒಸಿ ಎಂದರೆ ಸ್ವಲ್ಪ. ಆದರೆ ಆ ಸ್ವಲ್ಪಕ್ಕೆ ಅಳತೆ ಇಲ್ಲ. ದಾರಿ ಕೇಳಿದವರಿಗೆ "ಇಲ್ಲೇ ಒಸಿ ಮುಂದ್ಕೋಗಿ" ಎಂದರೆ ಅದು ಎದುರಿನ ಬೇಲಿಯೂ ಆಗಬಹುದು, ಮುಂದಿನ ಊರೂ ಆಗಬಹುದು. ವ್ಯಾಪಾರಕ್ಕೆ ಇಂಥ ಪದ ಬಹಳ ಅನುಕೂಲ. ಮಾರುವಾಗ "ಒಸಿ ತುಕ್ಕು ಹಿಡ್ದೈತೆ" ಎಂದರೆ ತುಕ್ಕು ಕಡಿಮೆಯಾಗುತ್ತದೆ. ಕೊಳ್ಳುವಾಗ "ನಂಗೂ ಒಸಿ ಬೇಕಿತ್ತು" ಎಂದರೆ ನನ್ನ ಅವಸರ ಕಡಿಮೆಯಾಗುತ್ತದೆ. ನನಗೆ ಎಷ್ಟು ಬೇಕಾಗಿದೆ ಎಂದು ಎದುರಿನವನಿಗೆ ಗೊತ್ತಾದ ಕ್ಷಣ ನಾನು ಸೋತ ಹಾಗೆ. ಮಾಗಡಿ ತಾಲ್ಲೂಕಿನ ಕಲ್ಯದಿಂದ, ರಾಗಿ ಹೊಲದ ಮನೆಯಿಂದ ಮದುವೆಯಾಗಿ ಬಂದವಳು ನಾನು. ಮೆಕ್ಯಾನಿಕ್ಕುಗಳು ಕೈ ಒರೆಸುವ ಬನಿಯನ್ ವೇಸ್ಟಿನ ಚೀಲ ತಲೆ ಮೇಲೆ ಹೊತ್ತು ಗ್ಯಾರೇಜು ಗ್ಯಾರೇಜು ತಿರುಗಿ ಈ ಅಂಗಡಿ ಮಾಡಿದೆ. ಯಾರ ಮುಂದೆಯೂ ನನ್ನ ಅಗತ್ಯವನ್ನು ಪೂರ್ತಿ ಬಿಚ್ಚಿ ಹೇಳಲಿಲ್ಲ. ಡಾಕ್ಟರ ಮುಂದೆಯೂ ಹೇಳಲಿಲ್ಲ.

ಅದಕ್ಕೆ ಮೊದಲು ಹಳದಿ ಯಂತ್ರದ ವಿಷಯ ಹೇಳಬೇಕು.

ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಕೂರಿಸಲು ಬಂದಿದ್ದ ವಿದೇಶದ ಇಂಜಿನಿಯರು ಕೆಲಸ ಮುಗಿಸಿ ಹೊರಟಾಗ ಅವರ ಮನೆಯ ಸಾಮಾನನ್ನು ನಾನು ಕೊಂಡೆ. ಚೌಕಾಸಿ ಮುಗಿದು ಫ್ರಿಜ್ಜು ಟೆಂಪೋ ಹತ್ತಿದ ಮೇಲೆ ಕೊಸರು ಕೇಳಿದೆ. ತರಕಾರಿಯವರು ತೂಕ ಮುಗಿದ ಮೇಲೆ ಇನ್ನೊಂದು ಹಿಡಿ ಹಾಕುತ್ತಾರಲ್ಲ, ಆ ಕೊಸರು. ಅದಿಲ್ಲದೆ ನನ್ನ ಯಾವ ವ್ಯಾಪಾರವೂ ಮುಗಿಯುವುದಿಲ್ಲ. ನನ್ನ ಜೊತೆಗೆ ಬಂದಿದ್ದ ನಾದಿನಿ ರತ್ನ, ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರು, ಇದನ್ನು ಆ ಮನೆಯ ಹೆಂಗಸಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಆಕೆ ನಕ್ಕು ಒಳಗೆ ಹೋಗಿ ಅಂಗೈಯಗಲದ ಒಂದು ಹಳದಿ ಯಂತ್ರ ತಂದುಕೊಟ್ಟಳು.

"ಏನಂತೆ ಇದು? ರೇಡಿಯಾನಾ?"

"ಅಲ್ಲ ಅತ್ತಿಗೆ. ನಾವು ಭೂಮಿ ಮ್ಯಾಲೆ ಎಲ್ಲಿದ್ದೀವಿ ಅಂತ ತೋರಿಸ್ತದಂತೆ."

"ಎಲ್ಲಿದ್ದೀನಿ ಅಂತ ನಂಗೇ ಗೊತ್ತು. ಟೆಂಪೋ ಪಕ್ಕ ನಿಂತಿವ್ನಿ."

ಆ ಹೆಂಗಸು ಒಂದು ಆಟದ ವಿಷಯ ಹೇಳಿದಳು. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು ಆ ಜಾಗದ ನಂಬರುಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಉಳಿದವರು ಯಂತ್ರಕ್ಕೆ ಆ ನಂಬರು ಕೊಟ್ಟು, ಅದರ ಬಾಣ ತೋರಿಸಿದ ಕಡೆ ಹೋಗಿ ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಅಲ್ಲೇ ಇಡಬೇಕು. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಹಾಕಬೇಕು. ಜಿಯೋಕ್ಯಾಷಿಂಗ್ ಎಂದು ಅದರ ಹೆಸರು.

"ಇದ್ರಾಗೆ ಲಾಭ ಯಾರ್ಗೆ?" ಎಂದೆ.

"ಯಾರ್ಗೂ ಇಲ್ಲ."

"ನಷ್ಟ?"

"ಅದೂ ಇಲ್ಲ ಅತ್ತಿಗೆ."

ಅಂಥ ವ್ಯವಹಾರವನ್ನು ನಾನು ಕಂಡಿರಲಿಲ್ಲ. ನೋಡಿಯೇ ಬಿಡೋಣ ಎಂದು ಶುರು ಮಾಡಿದೆವು. ರತ್ನ ಸೈಬರ್ ಸೆಂಟರಿನಿಂದ ನಂಬರು ಬರೆದು ತರುವಳು. ನನ್ನ ಗಂಡ ಶಿವಣ್ಣ ಟೆಂಪೋದಲ್ಲಿ ಕರೆದೊಯ್ದು ಬುಡದಲ್ಲಿ ಬೀಡಿ ಸೇದುತ್ತ ಕಾಯುವನು. ರಾಮನಗರದ ಬಂಡೆಗಳ ಸಂದು, ಮಾಗಡಿಯ ಕಡೆಯ ಗುಡ್ಡ, ಬೈರಮಂಗಲದ ಕೆರೆ ಏರಿ, ಭಾನುವಾರ ಬಂದರೆ ಸಾಕು ಅತ್ತಿಗೆ ನಾದಿನಿ ಸೀರೆ ಎತ್ತಿ ಕಟ್ಟಿ ಹೊರಟೆವು. ಜಿಯೋಕ್ಯಾಷಿಂಗ್ ಎನ್ನುವುದು ಬಾಯಿಗೆ ಒಗ್ಗದೆ ಡಬ್ಬಿ ಆಟ ಎಂದೆವು.

ಬೈರಮಂಗಲದ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಯಜಮಾನ ನಮ್ಮನ್ನು ನಿಂತು ನೋಡಿದ.

"ಏನವ್ವಾ ಉಡುಕ್ತಿದ್ದೀರಿ?"

"ಡಬ್ಬಿ ಕಣಪ್ಪ."

"ಡಬ್ಬೀಲೇನೈತೆ?"

"ಚೀಟಿ."

"ನಿಧಿ ಉಡುಕೋರ್ನ ಬಾಳ ಜನ ನೋಡಿವ್ನಿ. ಇಷ್ಟು ಸುಳ್ಳು ಯಾರೂ ಯೋಳಿರ್ನಿಲ್ಲ."

ಕೊನೆಗೆ ಕಲ್ಲಿನ ಸಂದಿನಿಂದ ಡಬ್ಬಿ ತೆಗೆದವನು ಅವನೇ. ಒಳಗೆ ಚೀಟಿ, ಒಂದು ಗುಂಡಿ, ಒಂದು ಪ್ಲಾಸ್ಟಿಕ್ ಉಂಗುರ ಕಂಡು ಅವನ ಮುಖ ಮೆತ್ತಗಾಯಿತು. "ಪಾಪ, ನಿಮ್ಗ್ಯಾರೋ ಸರ್ಯಾಗಿ ಟೋಪಿ ಹಾಕವ್ರೆ" ಎಂದು ಹೇಳಿ ಎಮ್ಮೆ ಹಿಂದೆ ಹೋದ.

ಮರುವರ್ಷ ನಾವೇ ಒಂದು ಡಬ್ಬಿ ಇಟ್ಟೆವು. ನನ್ನ ತವರು ಕಲ್ಯದ ಹತ್ತಿರ ಕೋಳಿಬಂಡೆ ಎಂಬ ಗುಡ್ಡವಿದೆ. ಆಡು ಕಾಯುತ್ತ ನಾನು ದೊಡ್ಡವಳಾದ ಜಾಗ. ತುದಿಗೆ ಹೋಗಲು ಕಡೆಯಲ್ಲಿ ಒಂದು ಜಾರುಬಂಡೆ ಹತ್ತಬೇಕು. ಬರಿಗಾಲಲ್ಲಿ ಓಡಿ ಹತ್ತುತ್ತಿದ್ದ ಬಂಡೆ ಅದು. ತುದಿಯ ಕಲ್ಲಿನ ಕೆಳಗೆ ಒಂದು ಸ್ಟೀಲ್ ಡಬ್ಬಿ ಇಟ್ಟು, ಒಳಗೆ ಚೀಟಿ, ಪೆನ್ಸಿಲು ಮತ್ತು ಚನ್ನಪಟ್ಟಣದ ಒಂದು ಕೆಂಪು ಬುಗುರಿ ಹಾಕಿದೆವು. ಡಬ್ಬಿ ನನ್ನ ಹೆಸರಿನಲ್ಲಿ ದಾಖಲಾಯಿತು. ಇಟ್ಟವರೇ ಆಗಾಗ ಹೋಗಿ ನೋಡಿಕೊಳ್ಳಬೇಕು, ಅದು ಆ ಆಟದ ಕಟ್ಟಳೆ. ಜೀವನದಲ್ಲಿ ಲಾಭವಿಲ್ಲದೆ ನಾನು ಒಪ್ಪಿಕೊಂಡ ಒಂದೇ ಜವಾಬ್ದಾರಿ ಅದು. "ನನ್ನ ಬಿಟ್ಟು ನೀನೊಬ್ಳೇ ಓಗಂಗಿಲ್ಲ" ಎಂದು ರತ್ನಳಿಗೆ ತಾಕೀತು ಮಾಡಿದ್ದೆ. ಮೊದಲ ಸಲ ನೋಡಿಬರಲು ಹೋದಾಗ ದೂರದ ಊರಿನ ಯಾರೋ ಬುಗುರಿಗೆ ಹೊಸ ದಾರ ಸುತ್ತಿಟ್ಟು ಹೋಗಿದ್ದರು. ಆ ಖುಷಿಯನ್ನು ಹೇಳಲು ಬರುವುದಿಲ್ಲ.

ನೋವು ಬಂದದ್ದು ಅದಾದ ಮೇಲೆ. ಬೆನ್ನಿನ ಕೆಳಭಾಗದಲ್ಲಿ, ಒಂದೇ ಜಾಗದಲ್ಲಿ, ಒಳಗಿನಿಂದ ಯಾರೋ ಹೆಬ್ಬೆರಳು ಒತ್ತುತ್ತಿರುವ ಹಾಗೆ. ಡ್ರಮ್ಮು ಎತ್ತಿದ್ದಕ್ಕೆ ಎಂದುಕೊಂಡೆ. ಕನಕಪುರದಲ್ಲಿ ಒಬ್ಬ ಡಾಕ್ಟರನ್ನು ನೋಡಿದೆ.

"ಎಷ್ಟು ನೋವಿದೆ?"

"ಒಸಿ ಸಾರ್."

ಪೂರ್ತಿ ನೋವು ಹೇಳಿದರೆ ಪೂರ್ತಿ ರೇಟು ಹೇಳುತ್ತಾರೆ ಎಂಬುದು ನನ್ನ ಲೆಕ್ಕ. ಅವರೇನು ಮಾಡುತ್ತಾರೆ? ಒಸಿ ನೋವಿಗೆ ಒಸಿ ಮಾತ್ರೆ ಕೊಟ್ಟರು. ಕೊಳ್ಳುವವನು ಸರಕನ್ನು ಕಣ್ಣಾರೆ ನೋಡಿ ಬೆಲೆ ಕಟ್ಟುತ್ತಾನೆ. ನೋವನ್ನು ಹಾಗೆ ನೋಡಲಾಗುವುದಿಲ್ಲ, ನಾವು ಹೇಳಿದಷ್ಟೇ ಅವರ ಕೈಗೆ ಸಿಗುವುದು. ಅಷ್ಟು ಬುದ್ಧಿ ಆಗ ನನಗೆ ಬರಲಿಲ್ಲ. ಮಾತ್ರೆ ನಿಂತ ಮೇಲೆ ಎಣ್ಣೆ ಉಜ್ಜುವವರು, ಪಟ್ಟು ಹಾಕುವವರು ಎಂದು ಅಲೆದೆ. ಸಂಜೆಯ ಹೊತ್ತಿಗೆ ಮೈ ಬಿಸಿಯಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ರವಿಕೆ ಸಡಿಲವಾದದ್ದನ್ನು ನೋಡಿ ಪಕ್ಕದ ಮನೆಯವರು ಸಣ್ಣಗಾಗಲು ಏನು ಮಾಡಿದೆ ಎಂದು ಕೇಳಿದರು. ನಾನು ಬೀಗಿದೆ. ಈಗ ಹೇಳುತ್ತೇನೆ, ಕಾರಣವಿಲ್ಲದೆ ಸಣ್ಣಗಾದರೆ ಬೀಗಬೇಡಿ, ಆಸ್ಪತ್ರೆಗೆ ಹೋಗಿ.

ಡಬ್ಬಿ ನೋಡುವ ಸಮಯ ಬಂದಾಗ ರತ್ನ ಬೇಡವೆಂದಳು. ನಾನೇ ಹಟ ಹಿಡಿದು ಕೋಳಿಬಂಡೆ ಹತ್ತಿದೆ. ಜಾರುಬಂಡೆಯ ಮೇಲೆ ಎಡಗಾಲು ಒಮ್ಮೆಲೆ ನನ್ನದಲ್ಲದ ಹಾಗೆ ಆಯಿತು. ಕುಸಿದು ಕೂತೆ. ರತ್ನ ಓಡಿ ಬಂದು ತೋಳು ಹಿಡಿದಳು.

"ಏನಾಯ್ತು ಅತ್ತಿಗೆ? ಬಾಳ ನೋವಾ?"

"ಇಲ್ಲ ಕಣೆ. ಒಸಿ ಜೋಮು."

ಅವಳು ನಂಬಿದಳು. ನಂಬುವ ಹಾಗೆ ಹೇಳುವುದೇ ನನ್ನ ಕಸುಬಲ್ಲವೇ? ಆವತ್ತು ತೆವಳಿಕೊಂಡಾದರೂ ತುದಿ ಮುಟ್ಟಿ ಚೀಟಿಯಲ್ಲಿ ಹೆಸರು ಬರೆದೆ. ಅದೇ ಕಡೆಯದು ಎಂದು ಗೊತ್ತಿದ್ದರೆ ಇನ್ನಷ್ಟು ಹೊತ್ತು ಕೂತಿರುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಅಂಗಡಿಯಲ್ಲಿ ತೂಕದ ಯಂತ್ರದ ಪಕ್ಕ ನಿಂತಿದ್ದವಳು ಬಿದ್ದೆ. ಚಪ್ಪಲಿ ಕಳಚಿ ಹೋಗಿದ್ದು ಕಾಲಿಗೆ ತಿಳಿದಿರಲಿಲ್ಲ. ಶಿವಣ್ಣ ಟೆಂಪೋದಲ್ಲಿ ಹಾಸಿಗೆ ಹಾಕಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಆ ಕಾಯುವ ಕೋಣೆಯ ಬೆಂಚುಗಳು ಯಾರ ಬೆನ್ನಿಗಾಗಿ ಮಾಡಿದ್ದೋ ಗೊತ್ತಿಲ್ಲ. ಹೋಗುವವರು ಒಂದು ದಿಂಬು ಒಯ್ಯಿರಿ, ನಾಚಿಕೆ ಬೇಡ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಕತ್ತಿಗೆ ಪಟ್ಟಿ ಹಾಕಿಕೊಂಡಿದ್ದರು, ತಿರುಗಲು ಬರುತ್ತಿರಲಿಲ್ಲ. ಮುಖ ನೋಡದೆಯೇ ಮಧ್ಯಾಹ್ನದವರೆಗೆ ಮಾತಾಡಿದೆವು. ತಮ್ಮ ಬುತ್ತಿಯಿಂದ ಅರ್ಧ ಚಪಾತಿಯನ್ನು ನೇರ ಎದುರಿಗೆ ನೋಡುತ್ತಲೇ ಪಕ್ಕಕ್ಕೆ ಚಾಚಿದರು. ಅವರ ಮುಖ ಹೇಗಿತ್ತೆಂದು ಇವತ್ತಿಗೂ ಗೊತ್ತಿಲ್ಲ.

ಒಳಗೆ ದೊಡ್ಡ ಡಾಕ್ಟರಮ್ಮ ಕೇಳಿದರು. "ಯಾವಾಗಿಂದ ನೋವು?"

"ಒಸಿ ದಿನದಿಂದ ಮೇಡಂ. ಒಸಿ ಒಸಿ ನೋವು."

ಯಾವತ್ತೂ ನನ್ನ ವ್ಯಾಪಾರದ ಮಧ್ಯೆ ಬಾಯಿ ಹಾಕದ ಶಿವಣ್ಣ ಎದ್ದು ನಿಂತ. "ಸುಳ್ಳು ಮೇಡಂ. ವರ್ಸ ಆಗೋಯ್ತು. ನಿದ್ದೇಲಿ ನರಳ್ತಾಳೆ. ಕೇಳುದ್ರೆ ಒಸಿ ಅಂತಾಳೆ."

ಡಾಕ್ಟರಮ್ಮ ಫೈಲಿನಿಂದ ತಲೆಯೆತ್ತಿದರು. "ಏನು ಕೆಲಸ ನಿಮ್ಮದು?"

"ಗುಜರಿ ವ್ಯಾಪಾರ."

"ತೂಕ ಹಾಕಿ ಕೊಳ್ತೀರೋ, ಒಸಿ ಅಂತ ಹೇಳಿದ್ರೆ ಕೊಳ್ತೀರೋ? ನಿಮ್ಮ ಒಸಿ ಅಂದ್ರೆ ಎಷ್ಟು ಕೆ.ಜಿ. ಅಮ್ಮ?"

ಯಾವ ಗಿರಾಕಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಸ್ಕ್ಯಾನ್ ಆಯಿತು. ಕೊಳವೆಯೊಳಗೆ ಜಲ್ಲಿ ಕ್ರಷರಿನ ಸದ್ದು. ಫಲಿತಾಂಶ ಬಂದಾಗ, ಬೆನ್ನುಮೂಳೆಗೆ ಟಿ.ಬಿ. ಎಂದರು. ಕ್ಷಯ ಎದೆಗೆ ಬರುವುದು, ಕೆಮ್ಮಿದರೆ ಬರುವುದು ಎಂದಷ್ಟೇ ತಿಳಿದಿದ್ದ ನಾವು ಪರಸ್ಪರ ಮುಖ ನೋಡಿಕೊಂಡೆವು. ವಾಸಿಯಾಗುತ್ತದೆ ಎಂದರು. ಕಾಲಿನ ವಿಷಯ ಕೇಳಿದ್ದಕ್ಕೆ, "ನರ ತುಂಬಾ ದಿನ ಒತ್ತಿಕೊಂಡಿತ್ತು. ಆರು ತಿಂಗಳು ಮುಂಚೆ ಬಂದಿದ್ದರೆ ಸರಿಹೋಗುತ್ತೆ ಅಂತ ಗಟ್ಟಿಯಾಗಿ ಹೇಳ್ತಿದ್ದೆ" ಎಂದರು. ಅದರ ಮೇಲೆ ಚೌಕಾಸಿ ಮಾಡಲು ಏನೂ ಇರಲಿಲ್ಲ.

ಶಿವಣ್ಣ ಊರವರಿಗೆಲ್ಲ ಡಿಸ್ಕ್ ಪ್ರಾಬ್ಲಂ ಎಂದು ಹೇಳಿದ. ಟಿ.ಬಿ. ಎಂದರೆ ಅಂಗಡಿಗೆ ಯಾರೂ ಬರುವುದಿಲ್ಲ ಎಂಬ ಭಯ. ನಮ್ಮತ್ತೆ ಮಾತ್ರ ತಮ್ಮದೇ ಕಾರಣ ಕಂಡುಹಿಡಿದರು. "ಕಂಡೋರು ಹೂತಿಟ್ಟ ಡಬ್ಬಿ ಮುಟ್ಟಿ ಮುಟ್ಟಿ ಬಂದೈತೆ. ಅದ್ರಾಗೆ ಏನು ಮಾಟ ಮಾಡಿದ್ರೋ!" ರತ್ನ ಜಗಳವಾಡಿದಳು. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಇದು ಮುಟ್ಟಿದರೆ ಅಂಟುವುದಲ್ಲ ಎಂದು ಡಾಕ್ಟರು ಹೇಳಿದ್ದನ್ನು ರತ್ನ ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಲಗಿಯೇ ಇರಬೇಕಾದ ತಿಂಗಳುಗಳು ಬಂದವು. ಹಲಗೆಯ ಮೇಲೆ, ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಹಿಡಿ ಮಾತ್ರೆ. ಮೊದಲ ದಿನ ಮೂತ್ರ ಕುಂಕುಮದ ನೀರಿನಂತೆ ಹೋದಾಗ ನನ್ನ ಕಥೆ ಮುಗಿಯಿತೆಂದುಕೊಂಡೆ. ಅದು ಮಾತ್ರೆಯ ಬಣ್ಣವಂತೆ. ಕೊಟ್ಟವರು ಹೇಳುವುದನ್ನು ಮರೆತಿದ್ದರು. ನಿಮಗೆ ಹಾಗಾದರೆ ಹೆದರಬೇಡಿ. ಇನ್ನೊಂದು ಮಾತು, ಸ್ವಲ್ಪ ಹಗುರಾದ ಕೂಡಲೇ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸೋಣವೆಂದು ನನಗೂ ಅನ್ನಿಸಿತು. ತಡೆದವರು ನಮ್ಮತ್ತೆ. ಒಂದು ಬೆಳಿಗ್ಗೆ ಮಾತ್ರೆ ದಿಂಬಿನ ಕೆಳಗೆ ಸೇರಿಸಿದ್ದನ್ನು ಕಂಡು, ನನ್ನ ಬಾಯಿ ತೆರೆಸಿ ತಾವೇ ಹಾಕಿ, ನನ್ನ ಲೋಟದಿಂದಲೇ ನೀರು ಕುಡಿಸಿ, ಉಳಿದ ನೀರನ್ನು ತಾವು ಕುಡಿದರು. "ಈ ವಯಸ್ಸಲ್ಲಿ ನಂಗೇನ್ ಬಂದಾತು? ಬಂದ್ರೆ ಬರ್ಲಿ" ಎಂದರು. ಬೇರೆ ತಟ್ಟೆ ಅವತ್ತಿಗೆ ಒಳಗೆ ಹೋಯಿತು.

ಹಳದಿ ಯಂತ್ರ ತಲೆದಿಂಬಿನ ಪಕ್ಕದಲ್ಲಿತ್ತು. ಆರ್‌ಸಿಸಿ ಸೂರಿನ ಕೆಳಗೆ ಅದಕ್ಕೆ ಆಕಾಶ ಸಿಗುತ್ತಿರಲಿಲ್ಲ. ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ ಎಂದು ತೋರಿಸುತ್ತ ಬ್ಯಾಟರಿ ಮುಗಿಸುತ್ತಿತ್ತು. ಒಂದು ಬೆಳಿಗ್ಗೆ ಶಿವಣ್ಣ ಏನೂ ಹೇಳದೆ ಅದನ್ನು ಅಂಗಳಕ್ಕೆ ಒಯ್ದ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಕೂಗು ಕೇಳಿಸಿತು.

"ಕೋಳಿಬಂಡೆ ನಲವತ್ತೊಂದು ಕಿಲೋಮೀಟ್ರು ಐತೆ ಕಣೆ!"

ಮಾರನೆಯ ಬೆಳಿಗ್ಗೆಯೂ ಅದೇ ಕೂಗು. ಆಮೇಲೆ ಟೆಂಪೋ ಹೊರಡುವ ಮೊದಲು ಅದು ಅವನ ಕೆಲಸವಾಯಿತು. "ಇವತ್ತೂ ನಲವತ್ತೊಂದೇ! ಎಲ್ಲೂ ಓಗಿಲ್ಲ ಅದು!" ಗಲ್ಲಿಯವರು ಇವನಿಗೂ ಏನೋ ಆಗಿದೆ ಎಂದುಕೊಂಡಿರಬೇಕು. ಮಲಗಿದ್ದವಳಿಗೆ ಅದು ಔಷಧಿಗಿಂತ ಮುಂಚಿನ ಔಷಧಿ. ನಾನು ಎದ್ದರೆ ಸಾಕು, ಬಂಡೆ ಅಲ್ಲೇ ಇದೆ ಎನಿಸುತ್ತಿತ್ತು. ಎದ್ದ ಮೇಲೆ ಆ ದೂರ ಬೇರೆಯಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬೆಲ್ಟು ಕಟ್ಟಿಕೊಂಡು ಎದ್ದೆ. ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಆಮೇಲೆ ಏನೂ ಹಿಡಿಯದೆ ನಡೆದೆ. ಮಾತ್ರೆ ಮುಗಿಯಿತು, ಕಾಯಿಲೆ ಹೋಯಿತು. ಎಡಗಾಲ ಪಾದ ಮಾತ್ರ ಮೇಲೇಳಲಿಲ್ಲ, ಇವತ್ತಿಗೂ ಏಳುವುದಿಲ್ಲ. ಅಂಗಡಿ ಮತ್ತೆ ತೆರೆದೆ. ಅಷ್ಟರಲ್ಲಿ ಹಾರೋಹಳ್ಳಿಯ ಫ್ಯಾಕ್ಟರಿಗಳು ಇನ್ನೂ ಎರಡು ಸಾಲು ಒಳಗೆ ನುಗ್ಗಿದ್ದವು. ಡ್ರಮ್ಮಿಗೆ ಕೊರತೆ ಇರಲಿಲ್ಲ. ಹಳದಿ ಯಂತ್ರ ತೆಗೆದರೆ ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಕಟ್ಟಿತ್ತು. ನಿಂಬೆಹುಳಿ ಹಾಕಿ ಉಜ್ಜಿ ಜೀವ ಬರಿಸಿದೆ.

ರತ್ನ ನೋಡಿ ನಕ್ಕಳು. "ಈಗ ಇದನ್ಯಾರು ಇಟ್ಕತ್ತಾರೆ ಅತ್ತಿಗೆ? ಎಲ್ಲಾ ಫೋನಲ್ಲೇ ಬಂದೈತೆ."

ರಾಮನಗರದ ಒಂದು ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದಳು. ಗಾಜಿನ ಮುಖದ, ಗುಂಡಿಯೇ ಇಲ್ಲದ ಫೋನು. ಹೊಸದು ಬೇಡ, ಯಾರೋ ಬಳಸಿದ್ದು ಕೊಡಿ ಎಂದೆ. ಬಳಸಿದ ಫೋನು ಕೊಳ್ಳುವವರು ಮೊದಲು ಚಾರ್ಜರು ಸಿಕ್ಕಿಸುವ ತೂತು ನೋಡಿ, ಮುಖದ ಗೀರು ಆಮೇಲೆ. ಶಿವಣ್ಣ ಗಾಜಿನ ಮೇಲೆ ಬೆರಳು ಎಳೆದರೆ ಅದು ಅಲ್ಲಾಡಲಿಲ್ಲ. ಸ್ಟೇರಿಂಗ್ ಹಿಡಿದು ಜಡ್ಡುಗಟ್ಟಿದ ಬೆರಳು. ನಾನು ಮುಟ್ಟಿದೆ, ಬೆಣ್ಣೆಯಂತೆ ಸರಿಯಿತು. ಅಂಗಡಿಯವನು "ಅಕ್ಕಾರ ಬೆರಳು ಮೆತ್ತಗವೆ" ಎಂದ. ಡ್ರಮ್ಮು ಉರುಳಿಸಿ ಮರದ ತುಂಡಾಗಿದ್ದ ಬೆರಳುಗಳು. ಹಾಸಿಗೆಯಲ್ಲಿ ಅವುಗಳ ಜಡ್ಡೆಲ್ಲ ಉದುರಿ ಹೋಗಿತ್ತು. ಕೊಸರು ಕೇಳುವುದನ್ನು ಆವತ್ತು ಮರೆತೆ.

ಕಲಿಯಲು ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಳೆಯ ಯಂತ್ರದಲ್ಲಿ ಬೂದು ಪರದೆ, ಒಂದು ಬಾಣ, ಒಂದು ದೂರ, ಅಷ್ಟೇ. ಇದರಲ್ಲಿ ಆಕಾಶದಿಂದ ತೆಗೆದ ಚಿತ್ರವೇ ಇತ್ತು. ರತ್ನ ಎರಡು ಬೆರಳು ಅಗಲಿಸಿದರೆ ಹಾರೋಹಳ್ಳಿ ದೊಡ್ಡದಾಗುತ್ತಿತ್ತು. ನೀಲಿ ಶೀಟಿನ ಸೂರುಗಳ ಸಾಲು, ಅದರ ಅಂಚಿನಲ್ಲಿ ನನ್ನ ಡ್ರಮ್ಮುಗಳು ಸಾಸಿವೆ ಚೆಲ್ಲಿದ ಹಾಗೆ. ಕಲ್ಯದ ಕಡೆ ಸರಿಸಿದೆವು. ಕೋಳಿಬಂಡೆ ಒಂದು ಹೆಬ್ಬೆಟ್ಟಿನ ಗುರುತಿನಷ್ಟು. ನಾನು ಹತ್ತುತ್ತಿದ್ದ ಕಡೆಯಲ್ಲಿ ಕಲ್ಲು ಗಣಿಯ ಬಿಳಿ ಗಾಯ. ನಮ್ಮ ಡಬ್ಬಿಯ ಜಾಗದ ಮೇಲೆ ಒಂದು ಕೆಂಪು ಗುರುತು.

"ಇದೇನೆ ಕೆಂಪು?"

ರತ್ನ ಓದಿದಳು. ಬಂದ ಇಬ್ಬರಿಗೆ ಡಬ್ಬಿ ಸಿಕ್ಕಿಲ್ಲವಂತೆ. ಇಟ್ಟವರು ಬಹಳ ಕಾಲದಿಂದ ನೋಡಿಲ್ಲ, ಬೇಗ ಹೋಗಿ ನೋಡಿ ತಿಳಿಸದಿದ್ದರೆ ಪಟ್ಟಿಯಿಂದ ತೆಗೆದುಹಾಕುತ್ತಾರಂತೆ.

"ಚೆನ್ನಾಗೈತೆ ಅಂತ ಬರ್ದಾಕು."

"ನೋಡ್ದೆ ಎಂಗ್ ಬರೀಲಿ?"

"ಒಸಿ ಚೆನ್ನಾಗೈತೆ ಅಂತ ಬರಿ."

ಅವಳು ನಗಲಿಲ್ಲ. "ನಾನೇ ಓಗಿ ನೋಡ್ಕ ಬತ್ತೀನಿ ಅತ್ತಿಗೆ."

"ನನ್ನ ಬಿಟ್ಟು ಓಗಂಗಿಲ್ಲ ಅಂತ ಯೋಳಿಲ್ವಾ?"

ನನಗೆ ಆ ಡಬ್ಬಿ ಬೇಕಾಗಿತ್ತು. ಅದನ್ನು ಮುಟ್ಟಿದರೆ ಕಾಯಿಲೆಗೆ ಮೊದಲಿದ್ದ ಸಾವಿತ್ರಿಯನ್ನು ಮುಟ್ಟಿದ ಹಾಗೆ ಎಂದು ಮಲಗಿದ್ದ ದಿನಗಳೆಲ್ಲ ಅಂದುಕೊಂಡಿದ್ದೆ. ಎಷ್ಟು ಬೇಕಾಗಿತ್ತೆಂದು ರತ್ನಳಿಗೂ ಹೇಳಲಿಲ್ಲ.

ಭಾನುವಾರ ಹೊರಟೆವು. ಗಣಿಯ ಕಡೆ ಬೇಲಿ ಹಾಕಿದ್ದರು, ಇನ್ನೊಂದು ಮಗ್ಗುಲಿನಿಂದ ಹತ್ತಬೇಕಾಯಿತು. ಶಿವಣ್ಣ ಎಂದಿನಂತೆ ಟೆಂಪೋದ ಹತ್ತಿರ ಉಳಿದ. ನಾನು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಳದಿ ಯಂತ್ರ ಹಿಡಿದಿದ್ದೆ. ಅದು ಒಂದು ದೂರ ಹೇಳಿದರೆ ಇದು ಬೇರೆಯೇ ಹೇಳುತ್ತಿತ್ತು.

"ಎರಡು ತಕ್ಕಡಿ ತಂದ್ರೆ ಇಂಗೇಯ. ಒಂದ್ನ ನಂಬು ಅತ್ತಿಗೆ" ಎಂದಳು ರತ್ನ.

ಹಳೆಯದನ್ನು ಚೀಲಕ್ಕೆ ಹಾಕಿದೆ. ಕುರುಚಲು ಗಿಡ ಹಿಡಿದು, ಕೂತು ಎದ್ದು, ಎಡಗಾಲನ್ನು ಕೈಯಿಂದ ಎತ್ತಿ ಎತ್ತಿ ಇಟ್ಟು ಹತ್ತಿದೆ. ರತ್ನ ಮುಂದೆ ಹೋಗಿ ಹೋಗಿ ನಿಲ್ಲುತ್ತಿದ್ದಳು, ಕಾಯುತ್ತಿದ್ದೇನೆಂದು ನನಗೆ ತಿಳಿಯಬಾರದೆಂದು ಗಿಡದ ಎಲೆ ಕೀಳುತ್ತಿದ್ದಳು. ಸುತ್ತಿ ಬಳಸಿ ಅದೇ ಜಾರುಬಂಡೆಯ ಬುಡಕ್ಕೆ ಬಂದೆವು. ಬಂಡೆ ಹಾಗೆಯೇ ಇತ್ತು. ಬಲಗಾಲು ಇಟ್ಟೆ, ಹಿಡಿಯಿತು. ಎಡಗಾಲು ಇಟ್ಟೆ. ಬೆರಳುಗಳು ಕಲ್ಲನ್ನು ಹುಡುಕಲೇ ಇಲ್ಲ, ಪಾದ ಒದ್ದೆ ಬಟ್ಟೆಯಂತೆ ಜಾರಿತು. ಇನ್ನೊಂದು ಸಲ ಇಟ್ಟೆ. ಕೂತುಬಿಟ್ಟೆ.

ಫೋನಿನಲ್ಲಿ ಹದಿನೆಂಟು ಮೀಟರ್ ಎಂದಿತ್ತು.

ರತ್ನ ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು. ಹಿಂದೆ ಇದೇ ಜಾಗದಲ್ಲಿ ಕೇಳಿದ್ದನ್ನೇ ಕೇಳಿದಳು. "ಬಾಳ ನೋವಾ ಅತ್ತಿಗೆ?"

ಆ ಪದ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಅವಳು ಮತ್ತೆ ನಂಬುತ್ತಿದ್ದಳು, ಸೊಂಟ ಹಿಡಿದು ಎಳೆದುಕೊಂಡಾದರೂ ಹೋಗುತ್ತಿದ್ದಳು, ಇಬ್ಬರೂ ಉರುಳುತ್ತಿದ್ದೆವು.

"ಬೆನ್ನು ಉರೀತದೆ. ಕಾಲು ಐತೋ ಇಲ್ವೋ ಗೊತ್ತಾಯ್ತಿಲ್ಲ. ಇನ್ನೊಂದು ಎಜ್ಜೆ ಇಟ್ರೆ ಬೀಳ್ತೀನಿ" ಎಂದೆ. "ನನ್ ಕೈಲಾಗಕ್ಕಿಲ್ಲ ಕಣೆ ರತ್ನ."

ಅಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಕನಕಪುರದ ಡಾಕ್ಟರ ಎದುರು ಕೂತು ಇದರಲ್ಲಿ ಅರ್ಧ ಹೇಳಿದ್ದರೂ ಸಾಕಾಗಿತ್ತು.

ರತ್ನ ನನ್ನ ಮುಖ ನೋಡಿದಳು. ಸಮಾಧಾನದ ಮಾತು ಹೇಳಲಿಲ್ಲ, ಅದು ದೊಡ್ಡ ಉಪಕಾರ. ಕಾಯಿಲೆಯವರ ಮನೆಯವರು ಇದನ್ನೂ ಕಲಿಯಬೇಕು. ಚಪ್ಪಲಿ ಬಿಟ್ಟು ಬಂಡೆ ಹತ್ತಿ ಮರೆಯಾದಳು. ಕಲ್ಲು ಸರಿಸುವ ಸದ್ದು ಕೇಳಿಸಿತು.

"ಐತೆ ಅತ್ತಿಗೆ! ಕಲ್ಲು ಒಳಕ್ಕೆ ಜರುಗಿತ್ತು, ಅದ್ಕೇ ಸಿಕ್ಕಿಲ್ಲ! ಬುಗುರಿ ಬಣ್ಣ ಅಂಗೇ ಐತೆ!"

"ದಾರ?"

"ದಾರಾನೂ ಐತೆ! ತಂದ್ ತೋರಿಸ್ಲಾ?"

ತರಬಹುದಿತ್ತು. ಒಂದು ಕ್ಷಣ ಬಾಯಿ ತೆರೆದೆ. ಆದರೆ ಹೋಗಿ ಮುಟ್ಟುವುದು ಒಂದು, ತರಿಸಿಕೊಂಡು ಮುಟ್ಟುವುದು ಇನ್ನೊಂದು.

"ಬ್ಯಾಡ. ಅಲ್ಲೇ ಇರ್ಲಿ."

"ಚೀಟೀಲಿ ಯಾರ ಹೆಸ್ರು ಬರೀಲಿ?"

"ನಿಂದು ಬರಿ. ಇನ್ಮೇಲೆ ಆ ಡಬ್ಬಿ ನೀನೇ ನೋಡ್ಕ."

ಗಣಿಯ ಕಡೆಯಿಂದ ಲಾರಿಯೊಂದು ಏರು ಹತ್ತುವ ಸದ್ದು ಬರುತ್ತಿತ್ತು. ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಕೆಳಗಿನಿಂದ ಶಿವಣ್ಣ.

"ಸಿಕ್ತಾ?"

"ರತ್ನಂಗೆ ಸಿಕ್ತು."

"ನಿಂಗೆ?"

"ಹದಿನೆಂಟು ಮೀಟ್ರು ಉಳೀತು."

ನಲವತ್ತೊಂದು ಕಿಲೋಮೀಟರನ್ನು ದಿನಾ ಕೂಗಿ ಹೇಳುತ್ತಿದ್ದ ಮನುಷ್ಯ. "ಅಷ್ಟು ದೂರದಿಂದ ಬಂದಿದ್ದೀಯ. ಉಳ್ದಿರೋದು ಒಸಿ ಅಲ್ವೇನೆ?" ಎಂದ.

"ಒಸಿ ಅಲ್ಲ ಕಣ್ರೀ" ಎಂದೆ.